ಅನ್ನಶುದ್ಧಿ

ಮೆಸ್ಸು ನಡೆಸುವ ಮನೆಯಲ್ಲಿ ಊಟ ಮಾಡುವುದಕ್ಕೂ ಒಂದು ವೇಗ ಇರುತ್ತದೆ. ತಮಿಳರ ನಡುವೆ, ತ್ರಿಪ್ಲಿಕೇನಿನ ಒಂದು ಗಲ್ಲಿಯಲ್ಲಿ ಕಿಟ್ಟಣ್ಣನ ಮೆಸ್ಸೆಂದರೆ ಸುತ್ತಲಿನ ಲಾಡ್ಜುಗಳ ಹುಡುಗರೆಲ್ಲ ಮಧ್ಯಾಹ್ನ ಬಂದು ಬೀಳುವ ಜಾಗ. ಒಬ್ಬ ಎದ್ದ ಕುರ್ಚಿ ತಣ್ಣಗಾಗುವ ಮೊದಲೇ ಇನ್ನೊಬ್ಬ ಕೂರುತ್ತಾನೆ. ಸಾರಿನ ಅನ್ನ ಮುಗಿಯುವಷ್ಟರಲ್ಲಿ ಮಜ್ಜಿಗೆಯ ಸೌಟು ತಲೆಯ ಮೇಲೆ ಬಂದು ನಿಲ್ಲುತ್ತದೆ. ಗಿರಾಕಿಗಳಿಗೆ ಕಲಿಸಿದ ಈ ವೇಗವನ್ನು ಕಿಟ್ಟಣ್ಣ ಮನೆಯವರಿಗೂ ಕಲಿಸಿದ್ದ. ಗಿರಾಕಿಗಳು ಹೋಗಿ, ಅಡಿಗೆಯವರು ಉಂಡು, ಆಮೇಲೆ ಉಳಿದ ಹೊತ್ತಿನಲ್ಲಿ ಹೆಂಗಸರು ಗಬಗಬ ತಿಂದು ಏಳಬೇಕು. ಸಂಜೆಯ ಬಜ್ಜಿಗೆ ಹಿಟ್ಟು ಕಲಸುವುದು ಕಾದಿರುತ್ತದೆ. ಅವನ ಹೆಂಡತಿ ರತ್ನಾವತಿ ಈ ವೇಗದಲ್ಲೇ ಮುದುಕಿಯಾದವಳು. ನಿಮಗೆ ಯಾವ ಅಡಿಗೆ ಇಷ್ಟ ಎಂದು ಯಾರಾದರೂ ಕೇಳಿದರೆ ಆಕೆಗೆ ಉತ್ತರ ಹೊಳೆಯುತ್ತಿರಲಿಲ್ಲ. ಕೇಳಿದವರು ಯಾರೂ ಇರಲಿಲ್ಲವೆನ್ನಿ.

ಸೊಸೆ ವೀಕ್ಷಾಗೆ ಮಾತ್ರ ಆ ವೇಗ ಬರಲೇ ಇಲ್ಲ.

ಕರಾವಳಿಯ ಸಾಲಿಗ್ರಾಮದ ಕಡೆಯ ಹುಡುಗಿ, ಒಬ್ಬನೇ ಮಗ ರೂಪೇಶನ ಹೆಂಡತಿ. ಒಂದೊಂದು ತುತ್ತನ್ನೂ ನುಣ್ಣಗೆ ಅಗಿದು, ಮೇಲೊಂದು ಗುಟುಕು ನೀರು ಕುಡಿದು, ಕಣ್ಣು ಮುಚ್ಚಿ ಇಳಿಸುವಳು. ಚಪಾತಿಯನ್ನು ಸಾರಿನಲ್ಲಿ ಮುಳುಗಿಸದೆ ಬಾಯಿಗಿಡಳು. ಮದುವೆಯ ಹೊಸತರಲ್ಲಿ ಮನೆಯವರು ಅದನ್ನು ನಾಚಿಕೆ ಎಂದರು. ಮಾರನೆಯ ವರ್ಷ ಸೊಕ್ಕು ಎಂದರು. ಮಗಳು ಪ್ರಣಮ್ಯಾ ಹುಟ್ಟಿದ ಮೇಲೆ, ಕೆಲಸ ತಪ್ಪಿಸಿಕೊಳ್ಳುವ ಉಪಾಯ ಎಂದರು. ಹೆಸರು ಬದಲಾಯಿತೇ ಹೊರತು ಅವಳ ಗಂಟಲಿಗೆ ಏನಾಗಿದೆ ಎಂದು ಕೇಳಿದವರಿಲ್ಲ.

“ಎಂತ ಮಾರಾಯ್ತಿ, ಒಂದ್ ತುತ್ತ್ ನುಂಗುಕೂ ಪಂಚಾಂಗ ಕಾಣ್ಕಾ ನಿಂಗೆ?” ಎಂದು ರತ್ನಾವತಿ ಚುಚ್ಚುತ್ತಿದ್ದಳು.

“ಇಳಿತಿಲ್ಲೆ ಅತ್ತೆ. ಎದೆ ಹತ್ರ ನಿಂತ್ ಬಿಡ್ತ್.”

“ಉಂಬುವಾಗ ನೀರ್ ಕುಡ್ದ್ರೆ ಮತ್ತೆಂತ ಆತ್ತ್?”

ಹಾಗೆಂದು ಆಕೆ ನೀರಿನ ಚೊಂಬನ್ನು ಎತ್ತಿ ಆಚೆ ಇಡುತ್ತಿದ್ದುದುಂಟು. ತನಗೂ ತನ್ನ ಅತ್ತೆ ಹಾಗೇ ಮಾಡಿದ್ದಳು. ಅದರಲ್ಲಿ ತಪ್ಪೇನಾದರೂ ಇರಬಹುದೆಂದು ಆಕೆಗೆ ತೋರಿರಲಿಲ್ಲ. ಬೀದಿ ತುದಿಯ ಡಾಕ್ಟರು ಎದೆಯುರಿಗೆ ಗುಳಿಗೆ ಬರೆದುಕೊಟ್ಟರು. ಇನ್ನೊಮ್ಮೆ ರಕ್ತ ನೋಡಿ ಹುಳುವಿನ ಔಷಧಿ ಕೊಟ್ಟರು. ಊರಿನಿಂದ ಬಂದ ರತ್ನಾವತಿಯ ನಾದಿನಿ ದೃಷ್ಟಿ ತೆಗೆದಳು. ದಿನವೂ ನೂರಾರು ಹೊಟ್ಟೆ ತುಂಬಿಸುವ ಮನೆ. ಒಳಗಿನ ಒಂದು ಹೊಟ್ಟೆಗೆ ಅನ್ನ ಇಳಿಯುವುದಿಲ್ಲ ಎಂಬುದು ಅಲ್ಲಿ ಒಂದು ತಮಾಷೆಯಾಗಿ ಉಳಿಯಿತು.

ಒಂದು ಭಾನುವಾರ ಬೆಳಿಗ್ಗೆ ರತ್ನಾವತಿ ಬನ್ಸ್ ಕರಿದಿದ್ದಳು. ಬಾಳೆಹಣ್ಣು ಮೊಸರು ಹಾಕಿ ಕಲಸಿದ ಹಿಟ್ಟು, ಚೆನ್ನಾಗಿ ಉಬ್ಬಿತ್ತು. ಕೆಳಗಿನ ಮೆಸ್ಸಿನಿಂದ ಕಿಟ್ಟಣ್ಣ, ತರಕಾರಿ ಹೆಚ್ಚುವವರು ಯಾರೂ ಇಲ್ಲವೇ ಎಂದು ಕೂಗುತ್ತಿದ್ದ. ಬೇಗ ತಿಂದು ಹೋಗು ಎಂದು ರತ್ನಾವತಿ ಸೊಸೆಯನ್ನು ಅವಸರಪಡಿಸಿದಳು. ವೀಕ್ಷಾ ದೊಡ್ಡ ತುಂಡನ್ನು ಬಾಯಿಗಿಟ್ಟು ನುಂಗಿದಳು. ಅದು ಎದೆಯ ನಡುವೆ ನಿಂತಿತು. ನೀರು ಕುಡಿದರೆ ನೀರೂ ಹಿಂದಕ್ಕೆ ಬಂತು. ರತ್ನಾವತಿ ಬೆನ್ನು ಗುದ್ದಿದಳು; ಮೇಲಿನಿಂದ ತಳ್ಳಿಕೊಂಡು ಹೋಗಲಿ ಎಂದು ಅನ್ನದ ಒಂದು ಉಂಡೆಯನ್ನು ಬಾಯಿಗೆ ತುರುಕಿದಳು. ವೀಕ್ಷಾ ತನ್ನ ಎಂಜಲನ್ನೂ ನುಂಗಲಾರದೆ ಸಿಂಕಿನ ಮುಂದೆ ಬಗ್ಗಿ ನಿಂತಳು. ಬಾಯಿಯಿಂದ ಲೋಳೆ ಇಳಿಯುತ್ತಿತ್ತು, ಕಣ್ಣಿನಿಂದ ನೀರು. ಅದು ನಾಟಕವಲ್ಲ ಎಂದು ರತ್ನಾವತಿಗೆ ಮೊದಲ ಬಾರಿ ಅರ್ಥವಾದದ್ದು ಆಗ. ರೂಪೇಶ ಆಟೋ ತಂದ.

ಆಸ್ಪತ್ರೆಯಲ್ಲಿ ಮತ್ತು ಬರುವ ಔಷಧಿ ಕೊಟ್ಟು, ಬಾಯಿಯಿಂದ ಕೊಳವೆ ಇಳಿಸಿ ತುಂಡನ್ನು ತೆಗೆದರು. ಹೊಟ್ಟೆಯ ರೋಗಗಳನ್ನು ನೋಡುವ ಡಾಕ್ಟರಮ್ಮ ಸಣ್ಣ ದನಿಯವರು. ಹೇಳಬೇಕಾದ್ದನ್ನು ಮಾತ್ರ ಬಿಡುವವರಲ್ಲ. ಅನ್ನನಾಳದ ಒಳಗೆ ಬಳೆ ಜೋಡಿಸಿದ ಹಾಗೆ ಉಂಗುರ ಉಂಗುರ ಕಾಣಿಸುತ್ತಿದೆ, ಒಳಚರ್ಮವನ್ನು ಒಂದೆರಡು ಕಡೆ ಚಿವುಟಿ ಪರೀಕ್ಷೆಗೆ ಕಳಿಸಿದ್ದೇನೆ ಎಂದರು. ಅದರ ವರದಿ ಬಂದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ತಮಿಳಿನಲ್ಲಿ ಬಿಡಿಸಿ ಹೇಳಿದರು. ಕಾಯಿಲೆಯ ಹೆಸರು ಇಯೊಸಿನೊಫಿಲಿಕ್ ಈಸೋಫಜೈಟಿಸ್. ರಕ್ತದಲ್ಲಿರುವ ಒಂದು ಜಾತಿಯ ಬಿಳಿ ಕಣ, ಅನ್ನನಾಳದಲ್ಲಿ ಅದಕ್ಕೆ ಕೆಲಸವಿಲ್ಲ. ಯಾವುದೋ ಆಹಾರ ಮೈಗೆ ಒಗ್ಗದೆ ಅವು ಗುಂಪುಗುಂಪಾಗಿ ಬಂದು ಅಲ್ಲಿ ಕೂತಿವೆ. ವರ್ಷಗಟ್ಟಲೆ ಊದಿಕೊಂಡು ನಾಳ ಗಡುಸಾಗಿ ಕಿರಿದಾಗಿದೆ.

“ಈಸ್ನೋಫೀಲಿಯಾ ಅಂದ್ರೆ ಶೀತದ್ದಲ್ದಾ?” ಎಂದು ಕಿಟ್ಟಣ್ಣ ಮಗನ ಕಿವಿಯಲ್ಲಿ ಕೇಳಿದ. ಡಾಕ್ಟರಮ್ಮನಿಗೆ ಅರ್ಥವಾಯಿತು. ಅದು ಬೇರೆ, ಇದು ಬೇರೆ ಎಂದರು. ಎಂದಿನಿಂದ ಹೀಗಾಗುತ್ತಿದೆ ಎಂದು ವೀಕ್ಷಾಳನ್ನು ಕೇಳಿದರು. ಶಾಲೆಗೆ ಹೋಗುವಾಗಿನಿಂದ ಎಂದು ಅವಳು ಹೇಳಿದಳು. ಇಷ್ಟು ವರ್ಷ ಜೊತೆಗೆ ಊಟಕ್ಕೆ ಕೂರುವವರು ಯಾರೂ ಗಮನಿಸಲಿಲ್ಲವೇ ಎಂದು ಡಾಕ್ಟರಮ್ಮ ಬರೆಯುತ್ತಲೇ ಕೇಳಿದರು. ರತ್ನಾವತಿ ಕಾಲುಂಗುರ ನೋಡಿಕೊಂಡಳು.

ಆಸಿಡ್ ತಗ್ಗಿಸುವ ಗುಳಿಗೆ ಕೊಟ್ಟು ಕೆಲವು ವಾರ ಬಿಟ್ಟು ಮತ್ತೆ ಕೊಳವೆ ಇಳಿಸಿ ನೋಡಿದರು. ಕಣಗಳು ಕದಲಿರಲಿಲ್ಲ. ಇನ್ನು ಎರಡು ದಾರಿ ಎಂದರು. ಒಂದು, ಗಂಟಲಿನಲ್ಲಿ ಲೇಪವಾಗಿ ಇಳಿಯುವ ಸ್ಟೀರಾಯ್ಡ್ ಔಷಧಿಯನ್ನು ನುಂಗುತ್ತಾ ಇರುವುದು. ಇನ್ನೊಂದು, ಯಾವ ಆಹಾರ ಆಗುವುದಿಲ್ಲ ಎಂದು ಒಂದೊಂದಾಗಿ ಬಿಟ್ಟು ಹುಡುಕುವುದು. ಮೊದಲು ಬಿಡಬೇಕಾದದ್ದು ಹಾಲು, ಏಕೆಂದರೆ ಹೆಚ್ಚಿನವರಲ್ಲಿ ಅಪರಾಧಿ ಅದೇ. ವೀಕ್ಷಾ ಎರಡನೆಯದನ್ನು ಆರಿಸಿಕೊಂಡಳು. ನನ್ನ ಮೈಗೆ ಏನು ಆಗುವುದಿಲ್ಲ ಎಂದು ನನಗೆ ಗೊತ್ತಾಗಬೇಕು ಎಂದಳು. ಆ ಮನೆಯಲ್ಲಿ ಅವಳು ‘ನನಗೆ’ ಎಂದು ಶುರು ಮಾಡಿದ ಮಾತು ಬಹುಶಃ ಅದೇ ಮೊದಲನೆಯದು.

ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಖೋವಾ. ಯಾವುದೂ ಕೂಡದು. ಒಂದು ಹನಿಯೂ ಕೂಡದು, ಇಲ್ಲದಿದ್ದರೆ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ರೂಪೇಶ ಮನೆಯಲ್ಲಿ ಎಲ್ಲರಿಗೂ ಒಪ್ಪಿಸಿದ. ಕಿಟ್ಟಣ್ಣ ನಕ್ಕ. “ಕೃಷ್ಣನ ಊರಿನ ಹೆಣ್ಣ್ ಬೆಣ್ಣೆ ಬಿಟ್ಟ್ಲ್ ಅಂಬ್ರ್” ಎಂದು ಅಡಿಗೆಯವರಿಗೆ ಕೇಳುವ ಹಾಗೆ ಹೇಳಿದ. ಆದರೂ ಮೆಸ್ಸಿನ ಅಡಿಗೆಮನೆಯ ಮೂಲೆಯಲ್ಲಿ ಒಂದು ಸಣ್ಣ ಗ್ಯಾಸ್ ಒಲೆ, ಒಂದು ಪುಟ್ಟ ಕುಕ್ಕರು, ತೆಂಗಿನೆಣ್ಣೆಯ ಬಾಟಲಿ ಬಂದವು. ಕಾಯಿಹಾಲಿನಲ್ಲಿ ಪಲ್ಯ, ಮಜ್ಜಿಗೆಗೆ ಬದಲು ಪುನರ್ಪುಳಿ ಹಣ್ಣಿನ ಸಾರು. ಬೆಳಗಿನ ಅವಸರದಲ್ಲಿ ವೀಕ್ಷಾ ಇಡ್ಲಿ ಹುಯ್ಯುವ ಕಡೆ ಇರುತ್ತಿದ್ದುದರಿಂದ ಅವಳ ಕುಕ್ಕರನ್ನು ಇಳಿಸುವುದು, ಅನ್ನ ಬಿಡಿಸಿಡುವುದು ರತ್ನಾವತಿಯ ಪಾಲಿಗೆ ಬಂತು. ಆಕೆ ಅದನ್ನು ಸಂತೋಷದಿಂದಲೇ ವಹಿಸಿಕೊಂಡಳು. ಚೊಂಬು ಕಿತ್ತುಕೊಂಡ ಕೈಗೆ ಏನಾದರೂ ಮಾಡಬೇಕಿತ್ತು.

ಆದರೆ ಆ ಕೈಗೆ ಒಂದು ಅಭ್ಯಾಸವಿತ್ತು. ಅನ್ನದ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಅದರ ಮೇಲೆ ತುಪ್ಪ ಬಿಡುವುದು. ಅನ್ನಶುದ್ಧಿ. ಮೆಸ್ಸಿನ ದೊಡ್ಡ ಹಂಡೆಗೂ ಅದೇ, ಮನೆಯ ಬಟ್ಟಲಿಗೂ ಅದೇ. ತುಪ್ಪ ಬೀಳದ ಅನ್ನ ಬರೀ ಬೆಂದ ಅಕ್ಕಿ, ಅದನ್ನು ಮುತ್ತೈದೆಯ ಎಲೆಗೆ ಬಡಿಸಬಾರದು ಎಂದು ಅತ್ತೆ ಹೇಳಿಕೊಟ್ಟಿದ್ದಳು. ಮೊದಲ ದಿನ ರತ್ನಾವತಿ ಕೈ ತಡೆದಳು. ಬರೀ ಅನ್ನ ಬಿಳಿಯಾಗಿ ಬಾಯಿ ತೆರೆದುಕೊಂಡು ಕೂತಿತ್ತು. ಎರಡನೆಯ ದಿನ ತಡೆಯಲಾಗಲಿಲ್ಲ. ಡಾಕ್ಟರು ಬೇಡವೆಂದದ್ದು ತಿನ್ನುವ ತುಪ್ಪವನ್ನು. ಇದು ತಿನ್ನುವುದಲ್ಲ, ಶುದ್ಧಿ. ಹಾಗೆ ಮನಸ್ಸಿನಲ್ಲಿ ಅಂದುಕೊಂಡು, ಮನೆಯಲ್ಲೇ ಬೆಣ್ಣೆ ಕಾಸಿದ ತುಪ್ಪವನ್ನು, ತಳದ ಕಂದು ಗಸಿ ಸಮೇತ, ಚಮಚದ ತುದಿಯಿಂದ ಬಿಟ್ಟಳು. ದಿನ ಕಳೆದ ಹಾಗೆ ಚಮಚದ ತುದಿ ಚಮಚವಾಯಿತು. ಸೊಸೆ ಬಡಕಲಾಗುತ್ತಿದ್ದಾಳೆ ಎಂಬ ಮರುಕವೂ ಅದಕ್ಕೆ ಸೇರಿತ್ತು.

ವೀಕ್ಷಾ ಒಮ್ಮೆ ತಟ್ಟೆಯನ್ನು ಮೂಗಿನ ಹತ್ತಿರ ತಂದು ಕೇಳಿದಳು: “ತುಪ್ಪ ಹಾಕಿದ್ರಾ ಅತ್ತೆ?”

“ತುಪ್ಪ ಅಲ್ಲ ಮಾರಾಯ್ತಿ, ಶುದ್ಧಿ.”

ವೀಕ್ಷಾ ಅತ್ತೆಯ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಉಂಡಳು. ಮತ್ತೆ ಕೇಳಲಿಲ್ಲ.

ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿದ ವಾರದಲ್ಲಿ ಮತ್ತೆ ಕೊಳವೆ ಇಳಿಸಿ ನೋಡಿದರು. ರೂಪೇಶ ಒಬ್ಬನೇ ಜೊತೆಗೆ ಹೋಗಿದ್ದ. ವರದಿ ಹಿಡಿದು ಬಂದವನ ಮುಖ ಗಂಟಿಕ್ಕಿತ್ತು. ಏನೂ ಇಳಿದಿಲ್ಲ, ಅಲ್ಲೊಂದು ಕಡೆ ನಾಳ ಇನ್ನೂ ಬಿಗಿದಿದೆ. ಹಾಲನ್ನು ಪೂರ್ತಿ ಬಿಟ್ಟದ್ದು ನಿಜವೇ ಎಂದು ಡಾಕ್ಟರಮ್ಮ ಒತ್ತಿ ಕೇಳಿದರಂತೆ. ನಿಜವಾದರೆ ಗೋಧಿಯನ್ನೂ ಬಿಡಬೇಕು. ಅದಕ್ಕೂ ಬಗ್ಗದಿದ್ದರೆ ಸ್ಟೀರಾಯ್ಡು. ನಾಳವನ್ನು ಒಳಗಿನಿಂದ ಹಿಗ್ಗಿಸುವುದೂ ಬೇಕಾದೀತು.

ಮಧ್ಯಾಹ್ನದ ಗಲಾಟೆಗೆ ಮುಂಚಿನ ಹೊತ್ತು. ಅಡಿಗೆಯವರು ಎಲೆ ಒರೆಸುತ್ತಿದ್ದರು. ರತ್ನಾವತಿ ಸೌಟು ಹಿಡಿದು ನಿಂತಿದ್ದಳು.

“ಬಿಟ್ಟಿದ್ರೆ ಎಂತಕ್ ಇಳೀಲಿಲ್ಲೆ?” ಎಂದ ಕಿಟ್ಟಣ್ಣ, ಗಲ್ಲಾ ಪೆಟ್ಟಿಗೆಯ ಹಿಂದಿನಿಂದ, ಎಲ್ಲರಿಗೂ ಕೇಳುವ ಹಾಗೆ. “ಮೊಸ್ರಿನ ಪಾತ್ರೆ ಇಲ್ಲೇ ಬಾಯಿ ತೆರ್ಕಂಡ್ ಇರ್ತ್. ಕದ್ದ್ ತಿಂಬವ್ರಿಗೆ ಯಾವ ಡಾಕ್ಟ್ರ್ ಮದ್ದ್ ಕೊಡ್ತ್ರ್?”

ಅಡಿಗೆಯವರಲ್ಲಿ ಒಬ್ಬ ಕಿಸಕ್ಕೆಂದ. ವೀಕ್ಷಾ ಕೈಯಲ್ಲಿದ್ದ ಸೌತೆಕಾಯಿಯನ್ನು ಕೆಳಗಿಟ್ಟಳು. ಗಂಡನ ಕಡೆ ನೋಡಿದಳು. ರೂಪೇಶ ಆಗ ಆಡಬೇಕಾದ ಮಾತು ಒಂದೇ ಇತ್ತು, ಅವನು ಇನ್ನೊಂದನ್ನು ಆಡಿದ: “ನಿಜ ಹೇಳ್ ವೀಕ್ಷಾ. ಒಂದೊಂದ್ ಸಲ ಆದ್ರೂ ತಿಂದಿದ್ಯಾ?”

ಮಧ್ಯಾಹ್ನದ ಪಾಳಿಯ ಶಾಲೆಗೆ ಹೊರಟು, ಚೀಲ ಹೆಗಲಿಗೇರಿಸಿ ಮೆಟ್ಟಿಲ ಮೇಲೆ ನಿಂತಿದ್ದ ಪ್ರಣಮ್ಯಾ ತಮಿಳಿನಲ್ಲಿ ಹೇಳಿದಳು: “ಅಮ್ಮಾ ತಿರುಡಲೆ.” ಅಮ್ಮ ಕದಿಯಲಿಲ್ಲ. ನೀನು ಶಾಲೆಗೆ ನಡಿ ಎಂದು ಅಜ್ಜ ಗದರಿದ.

ರತ್ನಾವತಿ ಹೇಳಬೇಕಾದದ್ದು ಎರಡು ಮಾತು. ಆದರೆ ಹೇಳಿದರೆ ಗಂಡನ ನಾಲಿಗೆ ಸೊಸೆಯಿಂದ ತನ್ನ ಕಡೆಗೆ ತಿರುಗುತ್ತದೆ. ಇಷ್ಟು ವರ್ಷ ಆ ನಾಲಿಗೆಯನ್ನು ಬೇರೆ ಯಾರದೋ ಕಡೆ ತಿರುಗಿಸಿಕೊಂಡೇ ಆಕೆ ಬಾಳಿದ್ದಳು. ಆಕೆ ಸಾರಿನ ಹಂಡೆಗೆ ಸೌಟು ಹಾಕಿ ಕಲಕಿದಳು. ಕಲಕುವ ಅಗತ್ಯವೇನೂ ಇರಲಿಲ್ಲ.

ವೀಕ್ಷಾ ಗೋಧಿಯನ್ನೂ ಬಿಟ್ಟಳು. ಚಪಾತಿ ಹೋಯಿತು, ರವೆಯ ಉಪ್ಪಿಟ್ಟು ಹೋಯಿತು, ಹಿಂಗಿನ ಪುಡಿಯಲ್ಲಿ ಮೈದಾ ಇರುತ್ತದೆಂದು ಗೊತ್ತಾಗಿ ಸಾರೂ ಹೋಯಿತು. ಅನ್ನ, ಬೇಯಿಸಿದ ತರಕಾರಿ, ಉಪ್ಪು. ಕೊರಳ ಮೂಳೆ ಎದ್ದು ಕಂಡಿತು. ಈಗ ರತ್ನಾವತಿ ಆ ಕುಕ್ಕರಿಗೆ ತುಪ್ಪ ಬಿಡುತ್ತಿರಲಿಲ್ಲ, ಕುಕ್ಕರಿನ ಹತ್ತಿರ ಹೋಗಲೂ ಹೆದರುತ್ತಿದ್ದಳು. ಪಾರ್ಥಸಾರಥಿ ಗುಡಿಯ ಮುಂದೆ ನಿಂತು ಬೇಡಿಕೊಳ್ಳಲು ಹೋದರೆ, ಏನೆಂದು ಬೇಡುವುದೆಂದು ತಿಳಿಯದೆ ಚಪ್ಪಲಿ ಹಾಕಿಕೊಂಡು ಹಿಂದಕ್ಕೆ ಬಂದಳು. ಗಿರಾಕಿಯೊಬ್ಬ ಇವತ್ತು ಸಾರಿಗೆ ಉಪ್ಪೇ ಇಲ್ಲ ಎಂದ. ಮರುದಿನ ಇನ್ನೊಬ್ಬ ಉಪ್ಪು ಜಾಸ್ತಿ ಎಂದ. ಹಿಂದೆ ಹಾಗಾದದ್ದಿಲ್ಲ.

ಒಂದು ದಿನ ಕಿಟ್ಟಣ್ಣ ಸಾಲಿಗ್ರಾಮಕ್ಕೆ ಫೋನು ಮಾಡಿ ಬೀಗರಿಗೆ ಹೇಳಿದ: ಇಲ್ಲಿ ಪಥ್ಯ ನಡೆಯುವುದಿಲ್ಲ, ಹುಡುಗಿಗೆ ನಾಲಿಗೆಯ ಹಿಡಿತ ಇಲ್ಲ, ಕೆಲವು ತಿಂಗಳು ನೀವೇ ಇಟ್ಟುಕೊಳ್ಳಿ. ಪ್ರಣಮ್ಯಾ ಇಲ್ಲೇ ಇರಲಿ, ಶಾಲೆ ತಪ್ಪುತ್ತದೆ. ರೂಪೇಶ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಶನಿವಾರದ ರೈಲಿಗೆ ಟಿಕೆಟ್ಟು ತೆಗೆಯುತ್ತೇನೆ ಎಂದ.

ರತ್ನಾವತಿ ಮಹಡಿ ಹತ್ತಿ ಹೋದಳು. ಮಳೆ ಬಿಟ್ಟ ಬಿಸಿಲಿಗೆ ವೀಕ್ಷಾ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಳು. ರತ್ನಾವತಿ ಬಕೆಟ್ಟಿನಿಂದ ಒಂದು ಟವೆಲು ಎತ್ತಿ ಹಿಂಡಿದಳು, ಮತ್ತೆ ಹಿಂಡಿದಳು.

“ಕದ್ದದ್ದ್ ನೀನಲ್ಲ. ಹಾಕಿದ್ದ್ ನಾನ್” ಎಂದಳು. “ದಿನಾ ಹಾಕಿದೆ. ನಿನ್ನ ಅನ್ನಕ್ಕೆ.”

“ಗೊತ್ತಿತ್ತ್” ಎಂದಳು ವೀಕ್ಷಾ.

ರತ್ನಾವತಿಗೆ ತಾನು ಹೇಳಿದ್ದಕ್ಕಿಂತ ಆ ಒಂದು ಮಾತು ಭಾರವಾಯಿತು. ಗೊತ್ತಿದ್ದರೆ ಏಕೆ ಉಂಡೆ, ಏಕೆ ಹೇಳಲಿಲ್ಲ ಎಂದು ತಡವರಿಸಿ ಕೇಳಿದಳು. ವೀಕ್ಷಾ ಸೀರೆಯ ಅಂಚನ್ನು ಹಗ್ಗದ ಮೇಲೆ ಸಮ ಮಾಡಿ ಕ್ಲಿಪ್ಪು ಹಾಕಿದಳು. ಅವಳ ದನಿಯಲ್ಲಿ ಕೋಪವಿದ್ದರೆ ಎಷ್ಟೋ ಚೆನ್ನಾಗಿತ್ತು.

“ವಾಸನೆ ಬಂದ ದಿನ ನಿಮ್ಮನ್ನೇ ಕೇಂಡೆ. ಶುದ್ಧಿ ಅಂದ್ರಿ. ಅದನ್ನ ಬೇಡ ಅಂದ್ರೆ ನಾನ್ ಎಂತ ಆತೆ ಈ ಮನೇಲಿ? ನಿಧಾನ ಉಂಡದ್ದಕ್ಕೇ ಸೊಕ್ಕಿನವ್ಳ್ ಆಯ್ದೆ. ಮಾವ ಕಳ್ಳಿ ಅಂದಾಗ ನೀವ್ ಅಲ್ಲೇ ಇದ್ರಿ ಅತ್ತೆ. ನೀವ್ ಹೇಳ್ತ್ರಿ ಅಂದ್ಕಂಡೆ. ನಾನ್ ಹೇಳಿದ್ರೆ ಯಾರ್ ನಂಬ್ತಿದ್ರ್?”

ಕೆಳಗೆ ಬೀದಿಯಲ್ಲಿ ನೀರಿನ ಲಾರಿ ಹಾರ್ನ್ ಹೊಡೆಯಿತು. ಒಬ್ಬ ಹೆಂಗಸು ತನ್ನ ಗಂಟಲನ್ನು ಉಳಿಸಿಕೊಳ್ಳುವುದಕ್ಕಿಂತ ಅತ್ತೆಯ ಮಾತನ್ನು ಉಳಿಸುವುದು ಸುಲಭ ಎಂದು ನುಂಗಿದ್ದಳು. ಅಂಥ ಮನೆಯನ್ನು ಕಟ್ಟಿದ್ದು ಕಿಟ್ಟಣ್ಣ ಒಬ್ಬನೇ ಅಲ್ಲ. ರತ್ನಾವತಿ ಹಿಂಡಿದ ಟವೆಲನ್ನು ಮತ್ತೆ ಹಿಂಡಲು ಹೋದಳು, ಅದರಲ್ಲಿ ನೀರಿರಲಿಲ್ಲ.

ಮರುದಿನ ಇಬ್ಬರೇ ಆಟೋ ಹಿಡಿದು ಆಸ್ಪತ್ರೆಗೆ ಹೋದರು. ಮನೆಯಲ್ಲಿ ಮೆಡಿಕಲ್ ಶಾಪಿಗೆ ಎಂದು ಹೇಳಿದ್ದರು. ಗೋಧಿ ಬಿಟ್ಟ ಮೇಲೆ ಹೇಗಿದೆ ಎಂದು ಡಾಕ್ಟರಮ್ಮ ವೀಕ್ಷಾಳನ್ನು ಕೇಳಲು ಹೊರಟರೆ ರತ್ನಾವತಿ ನಡುವೆ ಬಾಯಿ ಹಾಕಿದಳು. “ನಾನ್‌ದಾನ್ ನೆಯ್ ಪೋಟ್ಟೇನ್” ಎಂದಳು. ತುಪ್ಪ ಹಾಕಿದವಳು ನಾನೇ. ಅನ್ನಶುದ್ಧಿ ಎಂದರೆ ಏನೆಂದು ವಿವರಿಸಲು ಹೋಗಬೇಕಾಗಲಿಲ್ಲ. ಡಾಕ್ಟರಮ್ಮ ಪೆನ್ನು ಮುಚ್ಚಿಟ್ಟು, ನಮ್ಮ ಮನೆಯಲ್ಲೂ ಹಾಕುತ್ತಾರೆ ಎಂದರು. ಬೈಯಲಿಲ್ಲ. ಗಸಿ ಇರುವ ತುಪ್ಪವೇ, ದಿನವೂ ಎಷ್ಟು ಎಂದು ವಿಚಾರಿಸಿದರು. ಇದರಿಂದಲೇ ಇಳಿಯಲಿಲ್ಲ ಎಂದು ನಾನು ಹೇಳಲಾರೆ, ಇದರಿಂದ ಅಲ್ಲ ಎಂದೂ ಹೇಳಲಾರೆ ಎಂದರು. ಹಾಲು ಬಿಟ್ಟ ಪರೀಕ್ಷೆ ನಡೆದೇ ಇಲ್ಲ, ಅಷ್ಟು ಮಾತ್ರ ಖಚಿತ. ಗೋಧಿ ತಿನ್ನಬಹುದು. ಹಾಲನ್ನು ಮೊದಲಿನಿಂದ ಬಿಡಬೇಕು, ಆಮೇಲೆ ಮತ್ತೆ ಕೊಳವೆ ಇಳಿಸಿ ನೋಡಬೇಕು.

ಮತ್ತೆ ಎಂದರೆ ಇನ್ನೊಮ್ಮೆ ಮತ್ತಿನ ಔಷಧಿ, ಇನ್ನೊಮ್ಮೆ ಆ ಕೊಳವೆ, ಇನ್ನೊಮ್ಮೆ ಚಿವುಟುವುದು. ತಾನು ಬಿಟ್ಟ ತುಪ್ಪಕ್ಕೆ ಇನ್ನೊಬ್ಬಳ ಗಂಟಲು ಬೆಲೆ ತೆರುತ್ತದೆ. ಹಿಂದಿರುಗುವ ಆಟೋದಲ್ಲಿ ರತ್ನಾವತಿ ಸೊಸೆಯ ಕೈ ಹಿಡಿಯಲು ನೋಡಿದಳು. ಎರಡು ಬೈದುಬಿಡು, ನನಗೆ ಹಗುರಾಗುತ್ತದೆ ಎಂದಳು.

“ನಿಮ್ಗೆ ಹಗುರ ಮಾಡುದ್ ನನ್ನ ಕೆಲ್ಸ ಅಲ್ಲ ಅತ್ತೆ” ಎಂದು ವೀಕ್ಷಾ ಹೊರಗೆ ನೋಡುತ್ತಾ ಹೇಳಿದಳು. “ಡಾಕ್ಟ್ರ ಎದ್ರ್ ಹೇಳುದ್ ಸುಲಭ. ಮನೇಲಿ ಹೇಳಿ.”

ಮೆಸ್ಸಿನ ಬಾಗಿಲಿನ ಶಟರು ಇನ್ನೂ ಅರ್ಧ ಎಳೆದೇ ಇತ್ತು. ಅಡಿಗೆಯವರು ಎಲೆ ಹಾಸುತ್ತಿದ್ದರು, ರೂಪೇಶ ನೀರಿನ ಲೋಟಗಳನ್ನು ಸಾಲಿಗಿಡುತ್ತಿದ್ದ, ಕಿಟ್ಟಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದ. ರತ್ನಾವತಿ ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಗಳ ನಡುವೆ ನಿಂತಳು. ಸೊಸೆಯ ಅನ್ನಕ್ಕೆ ದಿನವೂ ತುಪ್ಪ ಹಾಕಿದವಳು ನಾನು, ಅವಳು ಏನನ್ನೂ ಕದ್ದು ತಿನ್ನಲಿಲ್ಲ ಎಂದು ಹೇಳಿದಳು. ಒಲೆಯ ಕಡೆಯವರಿಗೂ ಅದು ಕೇಳಿಸಿತು.

ಕಿಟ್ಟಣ್ಣ ಕಡ್ಡಿಯನ್ನು ಗಾಳಿಯಲ್ಲಿ ಆಡಿಸಿ ಬೆಂಕಿ ಆರಿಸಿದ. ಗಿರಾಕಿಗಳು ಬರುವ ಹೊತ್ತು ಎಂದ. ಆದದ್ದು ಆಯಿತು, ಮನೆಯ ವಿಷಯ ಮೇಲೆ ಹೋಗಿ ಮಾತಾಡೋಣ ಎಂದ.

“ಅವಳನ್ನ ಕಳ್ಳಿ ಅಂದದ್ದ್ ಮೇಲಲ್ಲ, ಇಲ್ಲಿ” ಎಂದಳು ರತ್ನಾವತಿ. “ಇವರೆಲ್ಲರ ಎದ್ರ್ ಅಂದ್ರಿ. ನಾನ್ ಬಾಯಿ ಮುಚ್ಕಂಡ್ ನಿಂತದ್ದೂ ಇಲ್ಲೇ. ಶನಿವಾರ ಅವ್ಳ್ ಎಲ್ಲಿಗೂ ಹೋತಿಲ್ಲೆ.”

ಅವತ್ತು ಕಿಸಕ್ಕೆಂದವನು ಎಲೆಗಳ ಕಟ್ಟು ಹಿಡಿದು ಒಳಗೆ ಸರಿದ. ಕಿಟ್ಟಣ್ಣ ಹೆಂಡತಿಯನ್ನು, ಮೊದಲ ಸಲ ನೋಡಿದ ಗಿರಾಕಿಯನ್ನು ನೋಡುವ ಹಾಗೆ ನೋಡಿದ. ಆಮೇಲೆ ದೇವರ ಪಟದ ಕಡೆ ತಿರುಗಿಕೊಂಡ. ರೂಪೇಶ ಲೋಟ ಹಿಡಿದು ನಿಂತೇ ಇದ್ದ. “ವೀಕ್ಷಾ, ನಾನ್...” ಎಂದು ಶುರು ಮಾಡಿದ. ವೀಕ್ಷಾ ಅವನನ್ನು ದಾಟಿ ಅಡಿಗೆಮನೆಗೆ ಹೋದಳು.

ಮೂಲೆಯ ಸಣ್ಣ ಒಲೆಯ ಮುಂದೆ ನಿಂತು ಅವಳು ಕುಕ್ಕರನ್ನು ಸೋಪು ಹಾಕಿ ಉಜ್ಜಿದಳು, ಎರಡು ನೀರು ತೊಳೆದಳು, ಮುಚ್ಚಳದ ರಬ್ಬರನ್ನೂ ಬಿಡಿಸಿ ತೊಳೆದಳು. ರತ್ನಾವತಿ ಹಿಂದಿನಿಂದ ಬಂದು ಅಕ್ಕಿಯ ಡಬ್ಬಿಗೆ ಕೈ ಚಾಚಿದಳು. ಅಷ್ಟಾದರೂ ಮಾಡಿಕೊಡುತ್ತೇನೆ ಎಂಬಂತೆ.

“ಆಚೆ ನಿಲ್ಲಿ ಅತ್ತೆ” ಎಂದಳು ವೀಕ್ಷಾ. “ಇನ್ ಈ ಒಲೆ ಹತ್ರ ನೀವ್ ಬಪ್ದ್ ಬೇಡ.”

ಆ ಅಡಿಗೆಮನೆಯಲ್ಲಿ ಆಚೆ ನಿಲ್ಲು ಎಂಬ ಮಾತನ್ನು ರತ್ನಾವತಿ ಎಷ್ಟು ಜನಕ್ಕೆ ಹೇಳಿದ್ದಳೋ. ಪಾತ್ರೆ ಬೆಳಗುವ ಹೆಂಗಸಿಗೆ, ಸಿಲಿಂಡರು ಹೊತ್ತು ತರುವವನಿಗೆ, ತಿಂಗಳ ಆ ದಿನಗಳಲ್ಲಿ ಇದೇ ಸೊಸೆಗೆ. ತನಗೆ ಯಾರೂ ಹೇಳಿರಲಿಲ್ಲ. ಆಕೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಒಂದೊಂದೇ ಹೆಜ್ಜೆ ಹಿಂದೆ ಸರಿದು ಹೊಸ್ತಿಲು ದಾಟಿ ನಿಂತಳು. ಒಳಗೆ ವೀಕ್ಷಾ ತನ್ನ ಅಕ್ಕಿಯನ್ನು ತಾನೇ ತೊಳೆದಳು. ಹೊರಗೆ ಯಾರೋ ಶಟರನ್ನು ಪೂರ್ತಿ ಎತ್ತಿದರು. ಹಸಿದವರು ಒಳಗೆ ನುಗ್ಗಿ ಬಂದರು. ಊಟ ಬಡಿಸಲು ಯಾರಿದ್ದಾರೆ ಎಂದು ಕಿಟ್ಟಣ್ಣ ಕೂಗಿದ. ರತ್ನಾವತಿ ಓಗೊಡಲಿಲ್ಲ. ಕುಕ್ಕರು ಕೂಗಿ, ಮುಚ್ಚಳ ತೆರೆದು, ಸೊಸೆ ಬರೀ ಬಿಳಿ ಅನ್ನವನ್ನು ತಟ್ಟೆಗೆ ಹಾಕಿಕೊಂಡು ಕೂತು ಮೊದಲ ತುತ್ತನ್ನು ಅಗಿಯುವವರೆಗೂ ಹೊಸ್ತಿಲಿನಾಚೆ ನಿಂತೇ ಇದ್ದಳು.